ಅಪ್ಪನಿಗಿಲ್ಲದ ರಕ್ಷಣೆ

ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ‘ಚಹಾ ಆತೇನ್ರಿ?’ ಎಂದು ಕೇಳುವುದು ರೂಢಿ. ನನ್ನ ತಮ್ಮ ಅದೇ ದನಿಯಲ್ಲಿ ‘ರಕ್ಷಣಾ ಆತೇನ್ರಿ?’ ಎಂದು ಕೇಳಲು ಶುರು ಮಾಡಿದ. ಕಿರಾಣಿ ಅಂಗಡಿಯವನನ್ನು ಕೇಳಿದ, ನನ್ನ ಗಂಡನನ್ನು ಕೇಳಿದ. ಪಂಕ್ಚರ್ ತಿದ್ದುವ ಸಾಬರನ್ನೂ ಬಿಡಲಿಲ್ಲ. ಅವರು ಪಾಪ, ‘ಇನ್ನೂ ಇಲ್ಲಪಾ, ಸಂಜಿಕ್ಕ ನೋಡೂಣು’ ಎಂದರಂತೆ. ಕೇಳಿದವರೆಲ್ಲ ನಕ್ಕರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಾವೇನು ನಿನ್ನೆ ಮೊನ್ನೆ ಕ್ರೈಸ್ತರಾದವರಲ್ಲ. ಅಜ್ಜನ ಅಪ್ಪನ ಕಾಲದಿಂದ ಹುಬ್ಬಳ್ಳಿಯ ಹಳೇ ದೇವಾಲಯದವರು. ಕೂಸು ತೊಟ್ಟಿಲಲ್ಲಿರುವಾಗಲೇ ಅಯ್ಯನವರು ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಿದ್ದರು, ಅಲ್ಲಿಗೆ ಆ ಕೂಸು ದೇವರ ಲೆಕ್ಕಕ್ಕೆ ಸೇರಿದಂತೆ. ಯೇಸು ನಿಮಗಾಗಿ ಸತ್ತ, ರಕ್ಷಣೆ ಪುಕ್ಕಟೆ, ಕೈಚಾಚಿದರೆ ಸಾಕು ಎಂದು ಭಾನುವಾರದ ಸಾಲೆಯಲ್ಲಿ ನಮಗೆ ಕಲಿಸಿದ್ದರು. ತಮ್ಮ ಸೇರಿದ ಹೊಸ ಸಭೆಯವರೂ ಪುಕ್ಕಟೆ ಅಂತಲೇ ಹೇಳುತ್ತಿದ್ದರು. ಆದರೆ ಅವರ ಪ್ರಕಾರ ತೊಟ್ಟಿಲಲ್ಲಿ ಹಾಕಿದ ನೀರು ನೀರೇ ಅಲ್ಲ. ದೊಡ್ಡವರಾದ ಮೇಲೆ ಬಾಯಿಬಿಟ್ಟು ಪಾಪ ಒಪ್ಪಬೇಕು, ತಲೆ ಮುಳುಗುವಷ್ಟು ನೀರಿನಲ್ಲಿ ಮುಳುಗಬೇಕು, ಮೈಮೇಲಿನ ಬಂಗಾರ ತೆಗೆಯಬೇಕು. ಹಾಗೆ ಮಾಡದೆ ಸತ್ತವರು ಸತ್ತರು, ಅಷ್ಟೆ. ಲಕಮನಹಳ್ಳಿಯ ಕಾರ್ಖಾನೆಗಳ ನಡುವೆ ಬಾಡಿಗೆಗೆ ಹಿಡಿದ ತಗಡಿನ ಶೆಡ್ಡಿನಲ್ಲಿ, ಮೈಕು ಹಚ್ಚಿ, ಲೋಕವನ್ನೆಲ್ಲ ನರಕಕ್ಕೆ ಕಳಿಸುವುದನ್ನು ನಾನು ಒಂದೇ ಸಲ ಹೋಗಿ ಕೇಳಿ ಬಂದೆ. ಮತ್ತೆ ಆ ಕಡೆ ಹಾಯಲಿಲ್ಲ.

ನಮ್ಮಪ್ಪ ತೊಂಬತ್ತರ ದಶಕದ ಕೊನೆಗೆ ತೀರಿಕೊಂಡ. ರೈಲ್ವೆಯಲ್ಲಿ ಫಿಟ್ಟರ್. ಕುಡಿಯುತ್ತಿದ್ದ, ಮುಚ್ಚಿಡುವುದೇನಿದೆ? ಕ್ರಿಸ್ಮಸ್ಸಿಗೆ ಮತ್ತು ಸುಗ್ಗಿ ಹಬ್ಬಕ್ಕೆ ಬಿಟ್ಟರೆ ದೇವಾಲಯದ ಮೆಟ್ಟಿಲು ಹತ್ತಿದವನಲ್ಲ. ಸುಗ್ಗಿ ಹಬ್ಬದಲ್ಲಿ ಮಂದಿ ಕಾಣಿಕೆ ತಂದ ಕುಂಬಳಕಾಯಿ, ಕೋಳಿ, ತೆಂಗಿನಕಾಯಿಗಳನ್ನು ಸವಾಲಿಗೆ ಹಚ್ಚುತ್ತಾರೆ, ಹೆಚ್ಚು ಬೆಲೆ ಕೂಗಿದವರಿಗೆ ಮಾಲು. ಅಪ್ಪ ಹುಮ್ಮಸ್ಸಿಗೆ ಬಿದ್ದು ತಾನೇ ಕೊಟ್ಟ ಕುಂಬಳಕಾಯಿಯನ್ನು ತಾನೇ ಸವಾಲಿನಲ್ಲಿ ಹಿಡಿದು ಮನೆಗೆ ತರುತ್ತಿದ್ದ. ಅವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಆದರೆ ಓಣಿಯಲ್ಲಿ ಯಾರಿಗಾದರೂ ಜಡ್ಡಾದರೆ ಆಸ್ಪತ್ರೆಗೆ ಹೊತ್ತುಕೊಂಡು ಓಡುವವನೂ ಅವನೇ. ದೇವರ ಮೇಲೆ ಅವನಿಗೆ ಸಿಟ್ಟೂ ಇರಲಿಲ್ಲ, ಅಂಥ ಸಲಿಗೆಯೂ ಇರಲಿಲ್ಲ.

ಅಪ್ಪ ಹೋಗಿ ಎರಡು ವರ್ಷಕ್ಕೆ ತಮ್ಮ ತನ್ನ ಪಾಸ್ಟರನನ್ನು ಗೋಪನಕೊಪ್ಪದ ನನ್ನ ತವರುಮನೆಗೆ ಕರೆತಂದ. ಅವ್ವನ ರಕ್ಷಣೆಯ ಮಾತು ಎತ್ತಬೇಕಿತ್ತು. ನಾನೂ ಅಂದು ಅಲ್ಲಿದ್ದೆ. ಪಾಸ್ಟರ್ ಕಡಕ್ ಇಸ್ತ್ರಿಯ ಅಂಗಿಯ, ನಯವಾದ ಮಾತಿನ ಮನುಷ್ಯ. ಅವ್ವ ಎಲ್ಲವನ್ನೂ ತಲೆಬಗ್ಗಿಸಿ ಕೇಳಿದಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

“ನಮ್ಮ ಮನಿಯವರು ಈಗ ಎಲ್ಲಿ ಅದಾರ್ರಿ?”

ಪಾಸ್ಟರ್ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಡಲಿಲ್ಲ. “ಅಮ್ಮಾ, ನಾನು ಸುಳ್ಳು ಹೇಳಲಾರೆ. ರಕ್ಷಣೆ ಹೊಂದದೆ ಸತ್ತವರಿಗೆ ಇರುವುದು ಒಂದೇ ಜಾಗ.”

ನಮ್ಮ ಮನೆಯ ಚಹಾ ಕುಡಿಯುತ್ತ ನಮ್ಮಪ್ಪನನ್ನು ಬೆಂಕಿಗೆ ಹಾಕಿದ. ತಮ್ಮನ ಮುಖ ನೋಡಿದೆ. ಜ್ವರ ಬಂದಾಗ ಅಪ್ಪನ ಹೆಗಲ ಮೇಲೇ ಮಲಗಿ ದೊಡ್ಡವನಾದವನು, ಹೌದೆನ್ನುವಂತೆ ತಲೆಯಾಡಿಸಿದ.

“ನೀವು ಎದ್ದು ಹೋಗ್ರಿ ಮೊದಲ!” ಎಂದೆ ನಾನು.

“ಅಕ್ಕಾ, ಸತ್ಯ ಕಹಿನ ಇರತೈತಿ,” ಎಂದ ತಮ್ಮ.

ಅವ್ವ ನನ್ನನ್ನೇ ಗದರಿದಳು. ಮನೆಗೆ ಬಂದವರಿಗೆ ಹಾಗೆಲ್ಲ ಅನ್ನಬಾರದಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಹತ್ತು ದಿನ ಬಿಟ್ಟು, ತಾನು ಮುಳುಗಲು ತಯಾರು ಎಂದು ಪಾಸ್ಟರನಿಗೆ ಹೇಳಿ ಕಳಿಸಿದಳು.

ನಾನು ಆಡಬಾರದ್ದೆಲ್ಲ ಆಡಿದೆ. ಮುಪ್ಪಿನಲ್ಲಿ ಮಗನ ಅನ್ನ ತಿನ್ನಬೇಕಲ್ಲ, ಅದಕ್ಕೇ ಅವನ ತಾಳಕ್ಕೆ ಕುಣಿಯುತ್ತೀ ಎಂದೆ.

ಮುಳುಗಿಸುವುದು ಕೆಲಗೇರಿ ಕೆರೆಯಲ್ಲಿ. ನನ್ನ ಮನೆ ಅಲ್ಲೇ ಹತ್ತಿರವಿತ್ತು, ಒಲ್ಲೆನೆಂದರೂ ಟವೆಲ್ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೇ ಬಂತು. ಒಂದು ದಂಡೆಗೆ ಎಮ್ಮೆ ತೊಳೆಯುತ್ತಿದ್ದರು, ಇನ್ನೊಂದು ದಂಡೆಗೆ ಇವರ ರಕ್ಷಣೆ. ಅವ್ವ ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮದುವೆಯ ಮರುವರ್ಷ ಅಪ್ಪ ಮಾಡಿಸಿಕೊಟ್ಟದ್ದು. ಕಿವಿಯ ತೂತುಗಳು ಬೋಳುಬೋಳಾಗಿ ಕಂಡು ನನಗೆ ಅಳು ಬಂತು, ಸಿಟ್ಟೂ ಬಂತು. ನೀರೆಂದರೆ ಹೆದರುವ ಹೆಂಗಸು ನನ್ನವ್ವ. ಬಿಳಿ ಸೀರೆಯಲ್ಲಿ ಎದೆಮಟ್ಟದ ನೀರಿಗೆ ಇಳಿದು ಗಡಗಡ ನಡುಗುತ್ತ ನಿಂತಳು. ಒಂದು ಕಡೆ ಪಾಸ್ಟರ್, ಇನ್ನೊಂದು ಕಡೆ ತಮ್ಮ ಹಿಡಿದು ಹಿಂದಕ್ಕೆ ಬಾಗಿಸಿ ಅದ್ದಿ ತೆಗೆದರು. ಮೂಗಿಗೆ ನೀರು ಹೋಗಿ ಅವ್ವ ಕೆಮ್ಮುತ್ತಿದ್ದಳು. ದಂಡೆಯ ಮೇಲಿನವರು ಚಪ್ಪಾಳೆ ತಟ್ಟಿ ಹಲ್ಲೆಲೂಯ ಎಂದರು. ಒಬ್ಬರಾದರೂ ಬೆನ್ನು ತಿಕ್ಕಲಿಲ್ಲ.

ಮನೆಗೆ ಕರೆತಂದು ಅಡುಗೆಮನೆಯಲ್ಲಿ ಒಲೆಯ ಹತ್ತಿರ ಕೂರಿಸಿ ತಲೆ ಒರೆಸಿದೆ. ಬಾಯಿ ಸುಮ್ಮನಿರಲಿಲ್ಲ.

“ಆತಲ್ಲ? ಅಪ್ಪನ್ನ ನರಕದಾಗ ಬಿಟ್ಟು ನೀ ಒಬ್ಬಾಕಿನ ಪಾರಾದಿ.”

“ಬಿಟ್ಟು ಬಂದೇನಿ ಅಂತ ಯಾರ ಹೇಳಿದ್ರು ನಿನಗ?” ಅವ್ವ ತಲೆ ಎತ್ತಿದಳು. “ಇವರ ಮಾತು ಖರೇ ಇತ್ತಂದ್ರ ನಿಮ್ಮಪ್ಪ ಹೊರಗ ನಿಂತಾರ. ನಾನೂ ಹೊರಗ ನಿಂತ್ರ ಅವರ ಸಲುವಾಗಿ ಕೇಳಾವರು ಯಾರು? ಒಬ್ಬರರ ಒಳಗ ಹೋಗಬೇಕಲ್ಲ. ನಾ ಹೋಗಿ ಕೇಳ್ತೇನಿ.”

ನನ್ನ ಕೈ ನಿಂತಿತು. “ಅಲ್ಲಿ ಒಬ್ಬರ ಸಲುವಾಗಿ ಇನ್ನೊಬ್ಬರು ಕೇಳಂಗಿಲ್ಲಂತ ಬೇ. ಪಾಸ್ಟರ್ ಹೇಳ್ಯಾನ.”

“ಅಂವೇನು ಹೋಗಿ ನೋಡಿ ಬಂದಾನೇನು? ಯೇಸು ಸತ್ತಿದ್ದು ತನ್ನ ಸಲುವಾಗೇನಲ್ಲ, ಮಂದಿ ಸಲುವಾಗಿ. ನಾ ಗಂಡನ ಸಲುವಾಗಿ ಬಂದೇನಿ ಅಂದ್ರ ಆತಗ ತಿಳಿಯಂಗಿಲ್ಲೇನು?” ಸೆರಗಿನ ನೀರು ಹಿಂಡಿ ಮತ್ತೆ ಅಂದಳು: “ತಿಳೀಲಿಲ್ಲಂದ್ರ ನಾ ಅಲ್ಲಿ ಇರಾಕಿ ಅಲ್ಲ. ಅವರು ಎಲ್ಲಿ ಅದಾರ, ಅಲ್ಲೇ ಹೋಗ್ತೇನಿ.”

ತಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಹಲ್ಲೆಲೂಯ ಅನ್ನಲಿಲ್ಲ.