ಉಪವಾಸದ ದಿನದ ಗುಳಿಗೆ

ಸುರೇಬಾನದ ಸರ್ಕಾರಿ ಶಾಲೆಯ ಅನ್ನಪೂರ್ಣಾ ಟೀಚರ್ ಮುಂದೆ ಗುಳಿಗೆ ನುಂಗಿದಂತೆ ನಾಟಕವಾಡುವುದು ಮಕ್ಕಳಿಂದ ಆಗದ ಕೆಲಸವಾಗಿತ್ತು. ಪ್ರತಿ ಸೋಮವಾರ ಬಿಸಿಯೂಟದ ನಂತರ ರಕ್ತ ಹೆಚ್ಚಿಸುವ ಗುಳಿಗೆ. ನೀರು ಕುಡಿದವರೆಲ್ಲ ‘ಮಲಪ್ರಭಾ’ ಎಂದು ಹೇಳಿಯೇ ಮುಂದೆ ಸರಿಯಬೇಕು. ದವಡೆಯಲ್ಲಿ ಗುಳಿಗೆ ಅಡಗಿಸಿಕೊಂಡವರು ಅಲ್ಲಿಯೇ ಸಿಕ್ಕಿಬೀಳುತ್ತಿದ್ದರು. ಶ್ರಾವಣದಲ್ಲಿ ಮಾತ್ರ ವಿನಾಯಿತಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದಿಬ್ಬರು ವಾಂತಿ ಮಾಡಿಕೊಂಡ ಮೇಲೆ, ಉಪವಾಸ ಇದ್ದವರಿಗೆ ಗುಳಿಗೆ ಇಲ್ಲವೆಂದು ಟೀಚರ್ ಸಾರಿಬಿಟ್ಟಿದ್ದರು. ಆ ಶಾಲೆಯಲ್ಲಿ ಅವರ ಮಾತು ಸರ್ಕಾರದ ಆದೇಶಕ್ಕಿಂತ ಗಟ್ಟಿ.

ನಾಲ್ಕನೆಯ ತರಗತಿಯ ಐಶ್ವರ್ಯಾಳದು ಬೇರೆಯೇ ಗುಳಿಗೆ. ಫಿಟ್ಸ್ ಬಾರದಿರಲೆಂದು ದಿನಾ ಮಧ್ಯಾಹ್ನ ನುಂಗಬೇಕಾದದ್ದು. ಅದನ್ನು ತಂದುಕೊಟ್ಟ ತಾಯಿ ರಾಮವ್ವ, ವಿಷಯ ಯಾರಿಗೂ ತಿಳಿಯಬಾರದು, ಹುಡುಗಿಗೂ ತಿಳಿಯಬಾರದು ಎಂದು ಕೈಮುಗಿದಿದ್ದಳು. ನಾಳೆ ಮಗಳ ಲಗ್ನಕ್ಕೆ ಅಡ್ಡಿಯಾದೀತೆಂಬ ಹೆದರಿಕೆ. ಇಂಥದ್ದನ್ನು ವೈದ್ಯರ ಚೀಟಿಯೊಂದಿಗೆ ಮುಖ್ಯೋಪಾಧ್ಯಾಯರಿಗೆ ತಿಳಿಸುವುದು ಶಾಲೆಯ ಪದ್ಧತಿ. ಟೀಚರ್ ತಾಯಿಯ ಮುಖ ನೋಡಿ ಪದ್ಧತಿ ಬಿಟ್ಟರು. ಶಕ್ತಿಯ ಗುಳಿಗೆ ಎಂದು ಹೇಳಿ ತಾವೇ ಕೊಡುತ್ತ ಬಂದರು. ತಾವು ಮಾಡಿದ್ದು ಪುಣ್ಯದ ಕೆಲಸವೆಂದೇ ನಂಬಿದ್ದರು.

ಶ್ರಾವಣದ ಒಂದು ಸೋಮವಾರ ಅವರು ತರಬೇತಿಗೆಂದು ರಾಮದುರ್ಗಕ್ಕೆ ಹೋಗಬೇಕಾಯಿತು. ಮೇಜಿನ ಖಾನೆಯಲ್ಲಿರುವ ಗುಳಿಗೆಯನ್ನು ತಾನೇ ತೆಗೆದುಕೊಳ್ಳಲು ಐಶ್ವರ್ಯಾಳಿಗೆ ಶನಿವಾರವೇ ಹೇಳಿದ್ದರು. ಹುಡುಗಿ ಆ ಸೋಮವಾರ ಅಜ್ಜಿಯ ಜೊತೆ ಮೊದಲ ಸಲ ಉಪವಾಸ ಹಿಡಿದಿದ್ದಳು. ಖಾನೆ ತೆರೆಯಲೇ ಇಲ್ಲ.

ಇಳಿಹೊತ್ತಿಗೆ ಆಟದ ಬಯಲಿನಲ್ಲಿ ಬಿದ್ದಳು. ಉಪವಾಸಕ್ಕೆ ತಲೆ ತಿರುಗಿತೆಂದು ಒಬ್ಬರು, ಕೈಯಲ್ಲಿ ಕೀಲಿಕೈ ಹಿಡಿಸಿ ಎಂದು ಇನ್ನೊಬ್ಬರು. ಮುಖ್ಯೋಪಾಧ್ಯಾಯ ಲಗಮಣ್ಣನವರು ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮೊದಲಿನಿಂದ ಯಾವ ಔಷಧ ನಡೆದಿದೆ ಎಂದು ವೈದ್ಯರು ಕೇಳಿದರೆ ಅವರು ಏನು ಹೇಳಬೇಕು? ಹುಡುಗಿ ಹೇಗೋ ಉಳಿದುಕೊಂಡಳು.

ಸಂಜೆ ಟೀಚರ್ ಆಸ್ಪತ್ರೆಗೆ ಬಂದಾಗ ಐಶ್ವರ್ಯಾ ಎಚ್ಚರವಾಗಿದ್ದಳು, ರಾಮವ್ವ ಅವಳ ತಲೆದೆಸೆಯಲ್ಲಿ ಕೂತಿದ್ದಳು. ಗುಳಿಗೆ ಯಾಕೆ ಬಿಟ್ಟೆ ಎಂದು ಟೀಚರ್ ಗದರಿಯೇ ಕೇಳಿದರು.

“ಉಪಾಸ ಇದ್ನಿರಿ ಅಕ್ಕೋರ. ಉಪಾಸ ಇದ್ದಾಗ ಗುಳಿಗಿ ಬ್ಯಾಡಂತ ನೀವ ಹೇಳಿದ್ರಲ್ರಿ.”

ಟೀಚರಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಲಗಮಣ್ಣನವರಿದ್ದರು, ಆಚೆಯ ಮಂಚದ ಸುತ್ತ ಊರಿನವರೇ ಇದ್ದರು. ಆದರೂ ಮಗಳಿಗೆ ಹೇಳುವಾಗ ರಾಮವ್ವ ದನಿ ತಗ್ಗಿಸಲಿಲ್ಲ.

“ಅದು ಶಕ್ತಿ ಗುಳಿಗಿ ಅಲ್ಲವ್ವ. ನಿನಗ ಫಿಟ್ಸ್ ಬರ್ತಾವು, ಅದಕ್ಕ ಕೊಡೋದು. ಉಪಾಸ ಇದ್ರೂ ನುಂಗಬೇಕು. ಅಕ್ಕೋರು ಇರದಿದ್ರ ಸರ್‌ಗೆ ಹೇಳಿ ಇಸ್ಕೊ. ಯಾಕಂತ ಯಾರರ ಕೇಳಿದ್ರ, ಮುಚ್ಚಬ್ಯಾಡ.”