ಮದುಮಗಳು ತಡವಾದಷ್ಟೂ ಒಳ್ಳೆಯದು

ನಮ್ಮ ಚರ್ಚಿನ ಆರ್ಗನ್ ಮೇಷ್ಟ್ರಿಗೆ ಮದುಮಗಳು ತಡವಾಗಿ ಬಂದಷ್ಟೂ ಖುಷಿ. ತಾವೇ ಕಟ್ಟಿದ ಹೊಸ ಸಂಗೀತವನ್ನು ಜನರಿಗೆ ಕೇಳಿಸಲು ಸಿಗುವ ಹೊತ್ತು ಅದೊಂದೇ. "ಆರ್ಗನ್ ಕೆಟ್ಟಿದೆಯೇನ್ರೀ ಮೇಷ್ಟ್ರೇ?" ಎಂದು ಪಾದ್ರಿಗಳು ಕೇಳಿದರೆ, "ಇಲ್ಲ ಫಾದರ್, ಸಂಗೀತಾನೇ ಹಾಗಿದೆ" ಎಂದು ಇನ್ನಷ್ಟು ಜೋರಾಗಿ ನುಡಿಸುತ್ತಾರೆ. ಜನರಿಗೆ ಬೆನ್ನು ಹಾಕಿ ಕೂರುವ ಅವರಿಗೆ ಬಾಗಿಲು ಕಾಣುವುದು ಎದುರಿನ ಪುಟ್ಟ ಕನ್ನಡಿಯಲ್ಲಿ. ಅದರಲ್ಲಿ ಮದುಮಗಳು ಕಂಡಳೋ, ಅರ್ಧಕ್ಕೇ ನಿಲ್ಲಿಸಿ ಮದುವೆ ಹಾಡಿಗೆ ಹೊರಳಬೇಕು. ಹಾಗಾಗಿ ಅವರ ಒಂದು ಕೃತಿಯೂ ಕೊನೆ ಮುಟ್ಟಿದ್ದನ್ನು ನಾವು ಕಂಡಿರಲಿಲ್ಲ. ಮೊನ್ನೆ ಅವರ ಮಗಳದೇ ಮದುವೆ. ಮೇಷ್ಟ್ರು ಶುರುಮಾಡಿದ್ದರಷ್ಟೆ, ಕನ್ನಡಿಯಲ್ಲಿ ಅವಳು ಕಂಡಳು. ಇನ್ನೇನು ಹಾಡಿಗೆ ಹೊರಳಬೇಕು, ಅಷ್ಟರಲ್ಲಿ ಅವಳು "ಅಪ್ಪ ಮುಗಿಸ್ಲಿ, ಆಮೇಲೆ ಬರ್ತೀನಿ" ಎಂದು ಹಿಂದಿನ ಬೆಂಚಿನಲ್ಲಿ ಕೂತೇಬಿಟ್ಟಳು. ಕೊನೆಯ ಸ್ವರ ನಿಂತಾಗ ಪಾದ್ರಿಗಳು ನೆಮ್ಮದಿಯ ಉಸಿರು ಬಿಟ್ಟರು. ಮೇಷ್ಟ್ರು ಕರವಸ್ತ್ರ ತೆಗೆದು ಕನ್ನಡಿ ಒರೆಸುತ್ತಿದ್ದರು.