ಕಾಶವ್ವನ ಸಣ್ಣ ರೊಟ್ಟಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಹೇಳಿದರೆ ನಾನು ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ನಾನು ಸಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಆದರೂ ಸತ್ತವರು ತಿರುಗಿ ಬಂದು ಮಾಡುವಂಥ ಕೆಲಸ ಈ ಲೋಕದಲ್ಲಿ ಏನೂ ಉಳಿದಿರುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಇತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರಾ ನಂಬಿಕೆ ಇಲ್ಲ.

ತಿಕೋಟಾದ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಮೊಮ್ಮಗಳು ಸುಮಾ. ತಾಯಿಯಿಲ್ಲದ ಹುಡುಗಿ, ನಾನೇ ಬೆಳೆಸಿದ್ದು. ವಿಜಯಪುರದ ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುತ್ತಾಳೆ. ಮೊದಲು ನಾವು ಮೂವರಿದ್ದೆವು. ಮೂರನೆಯವಳು ನನ್ನ ನೆಗೆಣ್ಣಿ ಕಾಶವ್ವ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ಒಲೆಯ ಮುಂದೆ ನಮ್ಮ ಜಾಗ ಬದಲಾಗಿರಲಿಲ್ಲ. ಆಕೆ ರೊಟ್ಟಿ ಬಡಿಯುವವಳು, ನಾನು ಹಂಚಿನ ಮೇಲೆ ಬೇಯಿಸುವವಳು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಆಕೆಯ ತೋರುಬೆರಳು ಅರ್ಧವೇ ಉಳಿದಿತ್ತು. ಆದರೂ ಆಕೆ ಬಡಿದ ರೊಟ್ಟಿಯ ಅಂಚು ಸೀಳಿದ್ದನ್ನು ನಾನೆಂದೂ ನೋಡಿಲ್ಲ. ಆಕೆ ಸತ್ತ ಮೇಲೆ ಬಡಿಯುವುದೂ ನಾನೇ, ಬೇಯಿಸುವುದೂ ನಾನೇ.

ಕಾಶವ್ವ ಕೃಷ್ಣಾ ದಂಡೆಯ ಊರಿನವಳು. ನೀರಿನ ಮೇಲೆ ಹೋಗುವವರ ಬುತ್ತಿಯಲ್ಲಿ ಅಂಗೈಯಷ್ಟಗಲದ ಒಂದು ಸಣ್ಣ ರೊಟ್ಟಿಯನ್ನು, ನಡುವೆ ಮೂರು ಬೆರಳು ಒತ್ತಿ, ಗಂಗವ್ವನ ಪಾಲೆಂದು ಇಡುವುದು ಆಕೆಯ ತವರಿನ ರೂಢಿ. ದೋಣಿ ಹತ್ತುವ ಮೊದಲು ಅದನ್ನು ನೀರಿಗೆ ಬಿಡಬೇಕು. ಆಕೆಯ ತಮ್ಮ ಒಮ್ಮೆ ಹಸಿವಿಗೆ ಅದನ್ನು ತಿಂದು ದೋಣಿ ಹತ್ತಿದ, ತಿರುಗಿ ಬರಲಿಲ್ಲ. ಅದನ್ನು ಹೇಳುವಾಗೆಲ್ಲ ಅಳುತ್ತಿದ್ದಳು.

“ಈಜು ಬರ್ತಿದ್ದಿಲ್ಲ, ಅದಕ್ಕ ಮುಳಗ್ಯಾನ. ರೊಟ್ಟಿ ಏನ ಮಾಡತೈತಿ?” ಎನ್ನುತ್ತಿದ್ದೆ ನಾನು.

“ನಿನ್ನ ಎದಿ ಕಲ್ಲ ನೋಡ ಬೇ,” ಎಂದು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು.

ಹುಡುಗಿ ಹೆದರಬಾರದೆಂದು ಈ ಮಾತು ಸುಮಾಳ ಕಿವಿಗೆ ಬೀಳದ ಹಾಗೆ ನಾನೇ ನೋಡಿಕೊಂಡಿದ್ದೆ.

ಕಾಶವ್ವ ಹೋದ ಮರುವರ್ಷ, ದೀಪಾವಳಿ ಮುಗಿದ ಮೇಲೆ, ಸುಮಾ ಗೆಳತಿಯರ ಜೊತೆ ಕೃಷ್ಣಾ ಹಿನ್ನೀರಿಗೆ ಹೊರಟಳು. ಬಬಲೇಶ್ವರ ದಾಟಿ ಹೊಳೆಗೆ ಹೋಗಿ, ಅಲ್ಲಿಂದ ಸಪೂರವಾದ ದೋಣಿಗಳಿಗೆ ತಾವೇ ಹುಟ್ಟು ಹಾಕಿಕೊಂಡು ಒಂದು ನಡುಗಡ್ಡೆಗೆ ಹೋಗುವುದಂತೆ. ಜಾಲಿಕಂಟಿ ಬಿಟ್ಟರೆ ಏನೂ ಇಲ್ಲದ ಜಾಗ. ರಾತ್ರಿ ಅಲ್ಲೇ ಟೆಂಟು ಹೊಡೆದು ಮಲಗುವುದು. ನನಗೆ ಬೇಡವಾಗಿತ್ತು. ಆಕೆಯನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಆದರೆ ಆಕೆಗೆ ಚೆನ್ನಾಗಿ ಈಜು ಬರುತ್ತದೆ. ಅಷ್ಟು ವರ್ಷ ಕಾಶವ್ವನಿಗೆ ಹೇಳಿದ ಮಾತನ್ನು ನಾನೇ ಈಗ ಹೇಗೆ ತಿರುಗಿಸಲಿ?

ಪಡಸಾಲೆಯ ತುಂಬ ಸಾಮಾನು ಹರಡಿದಳು. ಟೆಂಟು, ಹಗ್ಗ, ಟಾರ್ಚು, ಗಾಳಿ ತುಂಬಿದ ಅಂಗಿಯಂಥದ್ದು, ಬಾಯಿ ಸುತ್ತಿ ಮಡಚಿದರೆ ನೀರು ಒಳಗೆ ಹೋಗದ ರಬ್ಬರ್ ಚೀಲ.

“ಇಷ್ಟ ಸಾಮಾನ ಯಾಕ ಬೇ, ಗಂಡನ ಮನಿಗೆ ಹೊಂಟಿಯೇನ?”

“ಗಂಡನ ಮನಿಗಾದ್ರ ನಿನ್ನನ್ನೂ ಈ ಚೀಲದಾಗ ಹಾಕ್ಕೊಂಡ ಹೋಗ್ತೇನಿ ಆಯಿ,” ಎಂದಳು. “ಬುತ್ತಿ ಮಾತ್ರ ಭಾರ ಆಗಬಾರದ ನೋಡ.”

ಭಾರವಾಗದ, ಕೆಡದ ಬುತ್ತಿ ಎಂದರೆ ಗರಿಗರಿಯಾಗಿ ಒಣಗಿಸಿದ ಕಟಕರೊಟ್ಟಿ. ಮರುದಿನ ಆಕೆ ಕೆಲಸಕ್ಕೆ ಹೋದ ಮೇಲೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದೆ, ಒಣದ್ರಾಕ್ಷಿ ಕಟ್ಟಿಟ್ಟೆ, ಮಧ್ಯಾಹ್ನ ಹಿತ್ತಲಿನ ಒಲೆಗೆ ರೊಟ್ಟಿಗೆ ಕೂತೆ. ಅಂಥ ಮಧ್ಯಾಹ್ನದಲ್ಲಿ ಮನೆ ಎಷ್ಟು ಸುಮ್ಮನಿರುತ್ತದೆ ಎಂದರೆ ರೊಟ್ಟಿ ಬಡಿಯುವ ಸದ್ದಿಗೆ ನನಗೇ ಬೇಸರವಾಗುತ್ತದೆ.

ರೊಟ್ಟಿಯೊಂದನ್ನು ಹಂಚಿಗೆ ಹಾಕಿದ್ದೆ, ಒಳಗೆ ಫೋನು ರಿಂಗಾಯಿತು. ಸುಮಾ. ಹಗ್ಗ ಚೀಲಕ್ಕೆ ಹಾಕಿದೆಯಾ, ಕಡ್ಡಿಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದೆಯಾ ಎಂದು ವಿಚಾರಿಸಿದಳು. ಅದನ್ನೆಲ್ಲ ನೋಡಿ ಹೇಳಿ, ಇನ್ನೂ ಏನೇನೋ ಮಾತಾಡಿ ಫೋನಿಟ್ಟ ಮೇಲೆ ಹಂಚಿನ ಮೇಲಿನ ರೊಟ್ಟಿ ನೆನಪಾಯಿತು. ಇಷ್ಟೊತ್ತಿಗೆ ಇದ್ದಿಲಾಗಿರುತ್ತದೆ ಎಂದು ಬೈದುಕೊಳ್ಳುತ್ತ ಓಡಿದೆ.

ರೊಟ್ಟಿ ಸುಟ್ಟಿರಲಿಲ್ಲ. ಎರಡೂ ಕಡೆ ಹದವಾಗಿ ಬೆಂದು, ಕಟಕಾಗಲೆಂದು ಒಲೆಯ ಕಟ್ಟೆಗೆ ಒರಗಿಸಿ ನಿಲ್ಲಿಸಿದಂತೆ ನಿಂತಿತ್ತು. ಹಂಚು ಖಾಲಿ ಇತ್ತು. ಹಿತ್ತಲ ಗೋಡೆಯಲ್ಲಿ ಓಣಿಗೆ ತೆರೆಯುವ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ನಾನು ಆಗ ಹೆದರಲಿಲ್ಲ, ನಿಜ ಹೇಳುತ್ತೇನೆ. ವಯಸ್ಸಾಯಿತು, ನಾನೇ ತೆಗೆದಿಟ್ಟು ಹೋಗಿರಬೇಕು ಅಂದುಕೊಂಡೆ. ಉಳಿದ ಹಿಟ್ಟಿನ ರೊಟ್ಟಿ ಮಾಡಿ ಮುಗಿಸಿದೆ. ಹಿಟ್ಟು ನಾದಿದ ಪರಾತಕ್ಕೆ ಅಂಟಿದ್ದನ್ನು ಯಾವತ್ತಿನ ಹಾಗೆ ಕೆರೆದು ಆಕಳಿಗೆ ಹಾಕಿದೆ. ರೊಟ್ಟಿಯ ಕಟ್ಟನ್ನು ಅರಿವೆಯಲ್ಲಿ ಸುತ್ತಿ ರಬ್ಬರ್ ಚೀಲಕ್ಕೆ ಇಳಿಸಿದೆ.

ಮರುದಿನ ಬೆಳಿಗ್ಗೆ ಸುಮಾ ಹೋದಳು. ಬಿಸಿಲೇರಿದ ಮೇಲೆ ಹೊಳೆಯ ದಂಡೆಯಿಂದ ಫೋನು ಮಾಡಿದಳು.

“ಆಯಿ, ನಾಷ್ಟಾಕ್ಕ ಬುತ್ತಿ ಬಿಚ್ಚಿದ್ವಿ. ರೊಟ್ಟಿ ಕಟ್ಟಿನಾಗ ಒಂದು ಸಣ್ಣ ರೊಟ್ಟಿ ಐತೆಲ್ಲ, ಅದು ಯಾರಿಗೆ? ನಾ ಸಣ್ಣಾಕಿದ್ದಾಗ ಮಾಡಿ ಕೊಡ್ತಿದ್ದೆಲ್ಲ, ಹಂಗ ಮಾಡೀಯೇನ?”

“ಸಣ್ಣ ರೊಟ್ಟಿ ನಾ ಮಾಡಿಲ್ಲ.”

“ನೀ ಅಲ್ದ ಮತ್ಯಾರ ಮಾಡ್ಯಾರ? ಅಂಗೈಯಷ್ಟ ಐತಿ. ನಡುವ ಬೆರಳಿನ ಗುರುತು ಐತಿ ನೋಡ. ಎರಡು ಉದ್ದ, ಒಂದು ಮೋಟು.”

ಆಕೆಯ ಹಿಂದಿನಿಂದ ಗೆಳತಿಯರು, ದೋಣಿ ಹತ್ತು ಬಾರೇ, ಅದನ್ನೂ ತಿಂದು ಮುಗಿಸು ಎಂದು ಕೂಗುವುದು ಕೇಳಿಸುತ್ತಿತ್ತು.

“ಅದನ್ನ ತಿನಬ್ಯಾಡ,” ಎಂದೆ. “ದೋಣಿ ಹತ್ತೂಕಿಂತ ಮೊದಲ ನೀರಿಗೆ ಬಿಡ.”

“ನೀ ಯಾವಾಗಿಂದ ಇಂಥಾವೆಲ್ಲ ನಂಬಾಕತ್ತಿ ಆಯಿ?”

“ನಂಬೂದು ಬಿಡ. ಹೇಳಿದಷ್ಟ ಮಾಡ.”

ಆಮೇಲೆ ಫೋನು ಹತ್ತಲಿಲ್ಲ. ಆ ದಿನ ಊಟ ಸೇರಲಿಲ್ಲ, ರಾತ್ರಿ ಕಣ್ಣು ಮುಚ್ಚಲಿಲ್ಲ. ಮರುದಿನ ಸಂಜೆ ಸುಮಾ ಬಿಸಿಲಿಗೆ ಕರ್ರಗಾಗಿ ನಗುತ್ತ ಬಂದಳು. ಏನೂ ಆಗಿರಲಿಲ್ಲ. ಗಾಳಿ ಬೀಸಲಿಲ್ಲ, ದೋಣಿ ಅಲುಗಾಡಲಿಲ್ಲ. ರೊಟ್ಟಿ ಏನಾಯಿತು ಎಂದೆ. “ಬಿಟ್ಟೆ. ತೇಲಕೋತ ಹೋತು,” ಎಂದು ಜಳಕಕ್ಕೆ ಹೋದಳು. ತಿಂದಿದ್ದರೂ ಹೀಗೇ ಬರುತ್ತಿದ್ದಳೋ ಏನೋ, ಅದು ಇನ್ನು ತಿಳಿಯುವ ಹಾಗಿಲ್ಲ.

ನೀನೇ ಮಾಡಿ ಮರೆತಿದ್ದೀ ಎಂದು ಕೇಳಿದವರು ಹೇಳುತ್ತಾರೆ. ಮರೆವು ನನಗೂ ಇದೆ, ಒಪ್ಪುತ್ತೇನೆ. ಆದರೆ ನನ್ನ ಬೆರಳು ಎಲ್ಲವೂ ಪೂರ್ತಿ ಇವೆ. ಹಿಟ್ಟಿನಲ್ಲಿ ಒತ್ತಿ ಒತ್ತಿ ನೋಡಿದ್ದೇನೆ. ಹೇಗೆ ಒತ್ತಿದರೂ ಮೂರೂ ಉದ್ದವಾಗಿಯೇ ಮೂಡುತ್ತವೆ.

ಈಗಲೂ ರೊಟ್ಟಿಗೆ ಕೂತಾಗ ನಾನು ಹಂಚಿನ ಕಡೆಗೇ ಕೂರುತ್ತೇನೆ. ಹಿಟ್ಟು ನಾದಿ ಬಡಿಯುವ ಕಲ್ಲಿನ ಹತ್ತಿರ ಇಟ್ಟು, ಹಂಚು ಕಾಯುವವರೆಗೆ ಸುಮ್ಮನಿರುತ್ತೇನೆ. ಹಂಚು ಕಾಯುತ್ತದೆ. ಆಮೇಲೆ ಎದ್ದು ಆ ಕಡೆ ಕೂತು ನಾನೇ ಬಡಿಯುತ್ತೇನೆ.